ಕಂಬಳಿಯ ನಾಲ್ಕು ತೂತು

ಮೊಮ್ಮಗಳ ತೊಟ್ಟಿಲಿಗೆ ಹಾಸಲೆಂದು ಆಚೆಮೊನ್ನೆ ಟ್ರಂಕಿನ ತಳದಿಂದ ಕರಿ ಕಂಬಳಿ ತೆಗೆದೆ. ಮಡಿಕೆ ಬಿಚ್ಚಿದರೆ ಕುರಿಯ ವಾಸನೆ ಬರಬೇಕು. ಅದು ಬರಲಿಲ್ಲ. ಕಾದ ತಂತಿಯ ವಾಸನೆ ಬಂತು, ಅದರ ಹಿಂದೆ ಊದಿನಕಡ್ಡಿಯದು, ಸುಣ್ಣದ ಗೋಡೆಯದು... ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ. ನಾಲ್ಕು ಮೂಲೆಗೆ ನಾಲ್ಕು ತೂತು. ಒಂದೊಂದರೊಳಗಿಂದ ಜೋಳದ ಕಾಳಿನಷ್ಟು ಬಿಸಿಲು ಒಳಗೆ ಬಂತು.

“ಯಪ್ಪಾ, ಇಲಿ ಕಡದಾವೇನು?” ಎಂದಳು ಬಾಣಂತಿ ಮಗಳು.

ಇಲಿಯಲ್ಲ, ಮೊಳೆ ಎಂದೆ. ಕಂಬಳಿಗೆ ಮೊಳೆ ಯಾರು ಹೊಡೆಯುತ್ತಾರೆ ಎಂದು ನಕ್ಕಳು. ಆಗ ಅವಳು ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಳು, ಮರೆತಿದ್ದಾಳೆ. ಮೊಳೆ ಹೊಡೆದವರು ಅಕ್ಕೋರು. ಸಿಂದಗಿಯ ರೇಡಿಯೋ ಅಕ್ಕೋರು.

ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಅವರು ಮೂವತ್ತು ವರ್ಷ ಕಲಿಸಿ, ನಿವೃತ್ತಿಯಾಗಿ, ಮನೆಯಲ್ಲಿ ಕೂಡಲಾರದೆ ರೇಡಿಯೋಕ್ಕೆ ಬಂದವರು. ಯಾವುದೋ ಸಂಸ್ಥೆಯವರು ಸಿಂದಗಿ ಬಸ್ ಸ್ಟ್ಯಾಂಡಿನ ಎದುರು, ಬೀಜದ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಸಣ್ಣ ರೇಡಿಯೋ ಸ್ಟೇಷನ್ ಹಾಕಿದ್ದರು. ಮಾಳಿಗೆಯ ಮೇಲೆ ಒಂದು ಕಂಬ, ಕೆಳಗೆ ಒಂದು ಮೈಕು, ಮೈಕಿನ ಮುಂದೆ ಅಕ್ಕೋರು. ಹಾಡು ಹಾಕಲು ಅವರಿಗೆ ಹಕ್ಕು ಇರಲಿಲ್ಲವಂತೆ. ಹಾಗಾಗಿ ಬೆಳಗಿನಿಂದ ಸಂಜೆಯ ತನಕ ಬರೀ ಮಾತು.

ಬೇರೆ ಸ್ಟೇಷನ್ನುಗಳಿಗೇನೂ ಕೊರತೆ ಇರಲಿಲ್ಲ. ಜಿಲ್ಲೆಯ ಹಳೆಯ ದೊಡ್ಡ ಸ್ಟೇಷನ್ ಒಂದು ಕಡೆ, ದಿನವೆಲ್ಲ ಸಿನಿಮಾ ಹಾಡು ಹಾಕುವುದು ಇನ್ನೊಂದು ಕಡೆ. ಮುಳ್ಳನ್ನು ಸ್ವಲ್ಪ ತಿರುಗಿಸಿದರೆ ಗಡಿಯಾಚೆಯ ಮರಾಠಿಯೂ ಬರುತ್ತಿತ್ತು. ಅವುಗಳ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಅಕ್ಕೋರು. ಮೆಟ್ಟಿಲ ಕೆಳಗೆ ಚಹಾ ಮಾರುವವನೇ ಹಾಡಿನ ಸ್ಟೇಷನ್ ಹಚ್ಚಿಕೊಂಡು ಕೂಡುತ್ತಿದ್ದ. ನಿಮ್ಮದರಲ್ಲಿ ಒಂದೂ ಹಾಡಿಲ್ಲ, ಗಿರಾಕಿ ಎದ್ದು ಹೋಗುತ್ತಾರೆ ಎಂದು ಒಂದು ದಿನ ಅವರ ಮುಖದ ಮೇಲೆಯೇ ಹೇಳಿದ.

“ನಿನ್ನ ಚಹಾದಾಗ ಹಾಲ ಇರಂಗಿಲ್ಲ, ನಾ ಯಾವತ್ತರ ಏನರ ಅಂದೇನೇನೊ?” ಎಂದರು ಅಕ್ಕೋರು. ನಿಂತವರೆಲ್ಲ ನಕ್ಕರು. ಅವನು ಮರುದಿನದಿಂದ ಹಾಲು ಹೆಚ್ಚು ಹಾಕಿದ, ಸ್ಟೇಷನ್ ಮಾತ್ರ ಬದಲಿಸಲಿಲ್ಲ.

ನಾನು ಅಲ್ಲಿಗೆ ಹೋದದ್ದು ಟಗರು ಕಳೆದುಕೊಂಡು. ನಮ್ಮದು ಕುರಿ ಕಾಯುವ ಮನೆತನ, ಊರು ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ. ಸಂತೆಗೆ ಹೊಡೆದುಕೊಂಡು ಬಂದ ಹಿಂಡಿನಿಂದ ಒಂದು ಟಗರು ತಪ್ಪಿಸಿಕೊಂಡಿತ್ತು. ಬೀಜದ ಅಂಗಡಿಯ ಮುಂದೆ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇದೆ, ಅದರಲ್ಲಿ ಚೀಟಿ ಬರೆದು ಹಾಕು, ಮೇಲೆ ಎಳೆದುಕೊಂಡು ರೇಡಿಯೋದಲ್ಲಿ ಓದುತ್ತಾರೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆ. ಬುಟ್ಟಿ ಇತ್ತು, ಅದರಲ್ಲಿ ಚೀಟಿಗಳಿದ್ದವು. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯಲು ಬಾರದೆ ಬುಟ್ಟಿಯ ಹಗ್ಗ ಹಿಡಿದು ಸುಮ್ಮನೆ ನಿಂತೆ. ಮೇಲಿನ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಬೆಳ್ಳಗಿನ ತುರುಬು, ಮೂಗಿನ ತುದಿಗೆ ಚಾಳೀಸು.

“ಬುಟ್ಟ್ಯಾಗ ನೀನ ಕುಂದ್ರವ ಅದೀಯೇನೊ ತಮ್ಮಾ? ಏನ ಕಳದೈತಿ ಹೇಳು.”

ಕೆಳಗಿನಿಂದಲೇ ಹೇಳಿದೆ. ಎಡಗಿವಿ ಬಿಳಿ, ಬಲಗೊಂಬು ಮುರಿದದ್ದು, ಕೊರಳಲ್ಲಿ ಕೆಂಪು ದಾರ. ಮರುದಿನ ಹೊತ್ತೇರುವುದರೊಳಗೆ ಟಗರು ಸಿಕ್ಕಿತು. ಮೂರು ಊರಾಚೆಯ ತೊಗರಿ ಹೊಲದ ರೈತ ಅದನ್ನು ಕಟ್ಟಿಹಾಕಿಕೊಂಡು, ರೇಡಿಯೋ ಕೇಳಿ, ನಮ್ಮೂರಿಗೆ ಹೇಳಿ ಕಳಿಸಿದ್ದ. ಅಕ್ಕೋರಿಗೆ ಅದನ್ನು ಹೇಳಲು ಹೋದರೆ ಅವರು ಟಗರಿನ ಮಾತೇ ಎತ್ತಲಿಲ್ಲ. ಆ ಹೊಲ ಎಲ್ಲಿ ಎಂದು ಎರಡು ಸಲ ಕೇಳಿದರು. ಹಳ್ಳದ ಆಚೆಯೋ ಈಚೆಯೋ? ಆಚೆ ಎಂದೆ. ಸಣ್ಣ ಹುಡುಗಿಯಂತೆ ಕುರ್ಚಿಯಲ್ಲಿ ಅಲುಗಾಡಿದರು. ತಮ್ಮ ದನಿ ಹಳ್ಳ ದಾಟುತ್ತದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಆ ದಿನ ಇನ್ನೊಂದು ಮಾತು ಬಂತು. ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ತಡೆಯಲು ಮೂರು ಗೋಡೆಗೆ ಕೌದಿ ತೂಗುಬಿಟ್ಟಿದ್ದರು. ನಾಲ್ಕನೆಯದು ಬರಿದಾಗಿತ್ತು. ಕಂಬಳಿಯಾದರೆ ಇನ್ನೂ ಚೆನ್ನ, ಉಣ್ಣೆ ದನಿಯನ್ನು ನುಂಗುತ್ತದೆ ಎಂದರು. ಕೇಳಲಿಲ್ಲ, ಬರೀ ಅಂದರು. ಮುಂದಿನ ಸಂತೆಗೆ ಹೊಸ ಕಂಬಳಿ ಒಯ್ದು ಕೊಟ್ಟೆ. ನಮ್ಮ ಮಂದಿಗೆ ಕಂಬಳಿ ಎಂದರೆ ದೇವರನ್ನು ಕೂಡಿಸುವ ಗದ್ದುಗೆ, ಅದನ್ನು ದಾಟುವುದೂ ಇಲ್ಲ. ಅಕ್ಕೋರು ಮೊಳೆ ಹಿಡಿದಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ, ಬೇಡ ಎನ್ನಲಾಗಲಿಲ್ಲ. ಮನೆಯಲ್ಲಿ ಹೇಳಿದಾಗ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅಕ್ಕೋರು ರೇಡಿಯೋದಲ್ಲಿ, ಇವತ್ತು ನನ್ನ ದನಿ ನೆಟ್ಟಗೆ ಬರುತ್ತಿದ್ದರೆ ಅದು ಒಬ್ಬ ತಂಗಿಯ ಮನೆಯ ಕಂಬಳಿಯ ಪುಣ್ಯ ಎಂದರು. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ನನ್ನನ್ನು ಊಟಕ್ಕೆ ಕರೆದಳು.

ಅಲ್ಲಿಂದ ನನಗೊಂದು ಕೆಲಸ ಅಂಟಿತು. ಕುರಿಯ ಹಿಂದೆ ತಿರುಗುವವನು ನಾನು, ದಿನಕ್ಕೊಂದು ದಿಕ್ಕು. ಕೊರಳಲ್ಲಿ ರೇಡಿಯೋ ತೂಗುಹಾಕಿಕೊಂಡು ಅಕ್ಕೋರ ದನಿ ಎಲ್ಲಿಯ ತನಕ ಕೇಳಿಸುತ್ತದೆ ನೋಡಿ ಬರುವುದು. ಬಾಯಲ್ಲಿ ಹೇಳಿದರೆ ಒಪ್ಪುತ್ತಿರಲಿಲ್ಲ, ಬರೆದು ತರಬೇಕು ಎಂದು ಒಂದು ನೋಟುಬುಕ್ಕು ಕೊಟ್ಟರು. ನಲವತ್ತು ದಾಟಿದವನು ಕುರಿ ನೆರಳಿಗೆ ನಿಂತಾಗ ಕೂತು ಅಕ್ಷರ ಕೂಡಿಸಿದೆ. ಬನ್ನಿ ಗಿಡದ ತನಕ. ಗೌಡರ ಬಾವಿಯ ತನಕ, ಮಳೆ ಇದ್ದರೆ ಇಲ್ಲ. ಕಾಲುವೆ ಸೇತುವೆಯ ತನಕ, ಸೇತುವೆಯ ಮೇಲೆ ಇದೆ, ಕೆಳಗೆ ಇಲ್ಲ. ಈಗ ಇಷ್ಟು ಬರೆಯುತ್ತಿದ್ದೇನೆ ಎಂದರೆ ಅದೇ ಕಲಿತದ್ದು. ಬೇಸಿಗೆಯಲ್ಲಿ ಹೊಳೆ ದಂಡೆಯ ಮೇವಿಗೆಂದು ಮುದ್ದೇಬಿಹಾಳದ ಕಡೆ ಹಿಂಡು ಹೊರಟರೆ ಎರಡನೆಯ ದಿನಕ್ಕೆ ಅವರ ದನಿ ತಪ್ಪುತ್ತಿತ್ತು. ತಪ್ಪಿದ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ...

ಏನು ಮಾತಾಡುತ್ತಿದ್ದರು ಎಂದರೆ ನಮ್ಮ ಮಾತೇ. ಕಿಟಕಿಯಿಂದ ಬಸ್ ಸ್ಟ್ಯಾಂಡು ಕಾಣುತ್ತಿತ್ತು, ಎರಡು ಗಂಟೆಯ ಇಂಡಿ ಬಸ್ಸು ಇವತ್ತು ಇಲ್ಲ ಎಂದು ಅವರು ಹೇಳಿದ ಮೇಲೆ ಯಾರೂ ಬಿಸಿಲಲ್ಲಿ ಕಾಯುತ್ತಿರಲಿಲ್ಲ. ಜೋಳದ ದರ, ತೊಗರಿಯ ದರ. ಯಾರ ಮನೆಯಲ್ಲಿ ಸಾವು, ಮಣ್ಣು ಎಷ್ಟು ಹೊತ್ತಿಗೆ. ಯಾವ ರೈತನ ಹೊಲ ಖಾಲಿ ಇದೆ, ಗೊಬ್ಬರಕ್ಕೆಂದು ಅಲ್ಲಿ ಕುರಿ ನಿಲ್ಲಿಸುವವರು ಯಾರು ಬರುತ್ತಾರೆ. ದೊಡ್ಡ ಸ್ಟೇಷನ್ ನಾಡಿಗೆಲ್ಲ ಮಳೆ ಎನ್ನುತ್ತಿತ್ತು. ಅಕ್ಕೋರು ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಹನಿ ಎನ್ನುತ್ತಿದ್ದರು. ತಮ್ಮ ಹೆಸರನ್ನು ಮಾತ್ರ ಒಂದು ದಿನವೂ ಹೇಳಲಿಲ್ಲ. ಒಮ್ಮೆ ಯಾಕೆಂದು ಕೇಳಿದೆ.

“ಹೆಸರ ಹೇಳಿದ್ರ ಇದು ನನ್ನ ರೇಡಿಯೋ ಆಗ್ತೈತಿ ತಮ್ಮಾ. ಅಕ್ಕೋರು ಅಂದ್ರ, ಎಲ್ಲಾರಿಗೂ ಒಬ್ಬಾಕಿ ಇದ್ದ ಇರ್ತಾಳ.”

ಮೂರನೆಯ ವರ್ಷ ಸಂಸ್ಥೆಯವರಿಗೆ ಸಂಶಯ ಬಂತು. ಇಷ್ಟು ಸ್ಟೇಷನ್ನುಗಳಿರುವಾಗ ಈ ಮಾತಿನ ಸ್ಟೇಷನ್ನನ್ನು ಹಳ್ಳಿಯಲ್ಲಿ ಯಾರಾದರೂ ಕೇಳುತ್ತಾರೋ ಇಲ್ಲವೋ? ಊರೂರಿಗೆ ಹೋಗಿ ವಿಚಾರಿಸುವುದು, ಮಂದಿ ಹೌದೆಂದರೆ ನಡೆಸುವುದು, ಇಲ್ಲವಾದರೆ ಕಂಬ ಇಳಿಸುವುದು ಎಂದು ಗೊತ್ತುಮಾಡಿದರು. ವಿಚಾರಣೆಗೆ ಬರುವುದನ್ನು ಮೊದಲೇ ರೇಡಿಯೋದಲ್ಲಿ ಹೇಳಬಾರದು, ಹೇಳಿದರೆ ಮಂದಿಯನ್ನು ತಯಾರು ಮಾಡಿದಂತೆ ಎಂದು ಅಕ್ಕೋರಿಂದ ಮಾತು ತೆಗೆದುಕೊಂಡರು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಅಕ್ಕೋರು ಮಾತು ಕೊಟ್ಟರು, ಉಳಿಸಿಕೊಂಡರು. ನನಗೂ ಹೇಳಲಿಲ್ಲ.

ಹೀಗಾಗಿ ಒಂದು ಮಧ್ಯಾಹ್ನ ನಮ್ಮೂರಿಗೆ ಜೀಪು ಬಂತು. ಮೂವರು, ಕೈಯಲ್ಲಿ ಕಾಗದ, ಪೆನ್ನು. ಯಾರ ಮನೆಯಲ್ಲಿ ರೇಡಿಯೋ ಇದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಅವರಿಗಿಂತ ಮೊದಲು ಓಣಿಗೆ ಬಂತು.

ನಮ್ಮ ಅಪ್ಪನ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. ಅದಿಲ್ಲದೆ ಸಿಕ್ಕಿಬಿದ್ದರೆ ದಂಡ. ಕುರಿ ಹಟ್ಟಿಯ ರೇಡಿಯೋಕ್ಕೆ ಯಾವ ಲೈಸೆನ್ಸು? ಸಾಹೇಬರು ಬಂದರೆಂದರೆ ಅಪ್ಪ ಅದನ್ನು ಉಣ್ಣೆಯ ಚೀಲಕ್ಕೆ ಹಾಕುತ್ತಿದ್ದ. ಆ ಕಾಯ್ದೆ ಎಂದೋ ಹೋಗಿತ್ತು. ಹೋದದ್ದನ್ನು ನಮ್ಮೂರಿಗೆ ಬಂದು ಯಾರೂ ಹೇಳಿರಲಿಲ್ಲ.

ನಾನೂ ಅಪ್ಪ ಮಾಡಿದ್ದನ್ನೇ ಮಾಡಿದೆ. ಕೊರಳಿನ ರೇಡಿಯೋ ತೆಗೆದು ಉಣ್ಣೆಯ ಚೀಲದೊಳಗೆ ತುರುಕಿದೆ. ಅವಸರದಲ್ಲಿ ಬಂದ್ ಮಾಡಲಿಲ್ಲ. ಚೀಲದ ಮೇಲೆ ಕೂತೆ. ಜೀಪಿನವರು ಬಂದು ಎದುರು ನಿಂತರು. ಒಳ್ಳೆಯ ಮಂದಿಯೇ, ನಗುನಗುತ್ತ ಕೇಳಿದರು.

“ಮನಿಯಾಗ ರೇಡಿಯೋ ಐತೇನ್ರಿ?”

“ಇಲ್ರಿ.”

“ಸಿಂದಗಿ ಸ್ಟೇಷನ್ ಯಾವಾಗರ ಕೇಳೀರೇನು?”

“ಕುರಿ ಕಾಯೋ ಮಂದ್ರಿ ನಾವು, ನಮಗ್ಯಾತರ ರೇಡಿಯೋ.”

“ಅಲ್ಲಿ ಮಾತಾಡೋ ಅಕ್ಕೋರ ಹೆಸರ ಗೊತ್ತೈತೇನು?”

“ಗೊತ್ತಿಲ್ರಿ.”

ಮೂರು ಮಾತಿನಲ್ಲಿ ಕಡೆಯದು ಮಾತ್ರ ನಿಜ. ನನ್ನ ಕೆಳಗೆ, ಉಣ್ಣೆಯೊಳಗೆ, ಅಕ್ಕೋರು ಆ ದಿನದ ತೊಗರಿ ದರ ಓದುತ್ತಿದ್ದರು. ಎದುರು ನಿಂತ ಯಾರಿಗೂ ಕೇಳಿಸಲಿಲ್ಲ. ಉಣ್ಣೆ ದನಿಯನ್ನು ನುಂಗುತ್ತದೆ.

ಹನ್ನೊಂದು ಊರಲ್ಲಿ ವಿಚಾರಿಸಿದರಂತೆ, ಹನ್ನೊಂದೂ ಊರು ಹೀಗೇ ಅಂದವಂತೆ. ಸಿಂದಗಿ ಪೇಟೆಯಲ್ಲಿ ಕೆಲವರು ರೇಡಿಯೋ ಇದೆ ಎಂದರು, ದೊಡ್ಡ ಸ್ಟೇಷನ್ ಹೆಸರು ಹೇಳಿದರು. ಕಾಗದದಲ್ಲಿ ಅಷ್ಟೇ ಬಂತು.

ಜೀಪು ಯಾತಕ್ಕೆ ಬಂದಿತ್ತು ಎಂದು ತಿಳಿದ ದಿನ ನಾನು ಹಿಂಡನ್ನು ಇನ್ನೊಬ್ಬನಿಗೆ ಒಪ್ಪಿಸಿ ಸಿಂದಗಿಗೆ ಹೋದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಅಲ್ಲಿಂದಲೇ, ಇಲ್ಲ ಎಂದವರಲ್ಲಿ ನಾನೂ ಒಬ್ಬ ಎಂದೆ. ಚೀಲದ ಮೇಲೆ ಕೂತದ್ದನ್ನೂ ಹೇಳಿದೆ. ಅಕ್ಕೋರು ಬಹಳ ಹೊತ್ತು ಚಾಳೀಸು ಒರೆಸಿದರು. ಅತ್ತರೇನೋ ಎಂದುಕೊಂಡೆ. ನಗುತ್ತಿದ್ದರು.

“ಇಷ್ಟು ವರ್ಷ ಸಾಲ್ಯಾಗ ಕಳದೀನಿ. ಸಾಹೇಬ್ರು ತಪಾಸಣಿಗೆ ಬಂದ್ರ ಪಾಠ ಬರೋ ಹುಡುಗ್ರ ಬಾಯಿ ಮೊದಲ ಬಂದ್ ಆಗ್ತಾವ. ಕಲಿಸಿದಾಕಿಗೆ ಇದು ಗೊತ್ತಿರಬೇಕಾಗಿತ್ತು. ನಿಂದೇನೂ ತಪ್ಪಿಲ್ಲ, ಒಳಗ ಬಾ.”

ನಾನು ಒಳಗೆ ಹೋಗಿ ಕಂಬಳಿಯ ಗೋಡೆಗೆ ಒರಗಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾವು ಏಳು ಮಂದಿ ಜಿಲ್ಲಾ ಕೇಂದ್ರದಲ್ಲಿದ್ದ ಸಂಸ್ಥೆಯ ಆಫೀಸಿಗೆ ಹೋದೆವು. ಒಬ್ಬೊಬ್ಬರ ಕೊರಳಲ್ಲೂ ರೇಡಿಯೋ, ಸಾಕ್ಷಿಗೆಂದು. ನಾನು ನೋಟುಬುಕ್ಕನ್ನೂ ಒಯ್ದಿದ್ದೆ. ಸಂಸ್ಥೆಯ ಸಾಹೇಬರು ಚಹಾ ತರಿಸಿದರು, ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಬನ್ನಿ ಗಿಡ, ಬಾವಿ, ಸೇತುವೆ... ಓದಿ ಮುಗಿಸಿ ಎರಡೂ ಕೈಯಲ್ಲಿ ನನಗೆ ತಿರುಗಿ ಕೊಟ್ಟರು. ಕಾಗದ ಮೇಲಕ್ಕೆ ಹೋಗಿದೆ, ಇನ್ನು ತಮ್ಮ ಕೈಯಲ್ಲಿಲ್ಲ ಎಂದರು. “ಇದನ್ನ ಅವತ್ತ ಹೇಳಬೇಕಾಗಿತ್ರಿ ನೀವು,” ಎಂದರು. ಬರುವಾಗ ಬಸ್ಸಿನಲ್ಲಿ ಏಳೂ ರೇಡಿಯೋ ಹಚ್ಚಿಕೊಂಡೆವು, ಸಿಂದಗಿ ಹತ್ತಿರ ಬರುತ್ತಿದ್ದಂತೆ ಏಳರಲ್ಲೂ ಅಕ್ಕೋರು ಮಾತಾಡತೊಡಗಿದರು.

ಕಡೆಯ ದಿನ ಅವರು ವಿದಾಯದ ಮಾತು ಆಡಲಿಲ್ಲ. ಎಂದಿನಂತೆ ದರ ಓದಿದರು, ಒಂದು ಎಮ್ಮೆ ಕಳೆದದ್ದು ಹೇಳಿದರು, ಒಂದು ಹೊಲ ಖಾಲಿ ಇರುವುದು ಹೇಳಿದರು. ಸಂಜೆಯ ಹೊತ್ತು. ನಾನು ಬೇಕೆಂದೇ ಕಾಲುವೆ ಸೇತುವೆಯ ತನಕ ಹಿಂಡು ಹೊಡೆದುಕೊಂಡು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಒಂದು ಮಾತು ಅಂದರು.

“ಕುರಿ ಕಾಯೋ ತಮ್ಮಾ, ಇವತ್ತ ಎಲ್ಲಿ ತನಕ ಕೇಳಾಕತ್ತೈತಿ?”

ಸೇತುವೆಯ ತನಕ ಕೇಳುತ್ತಿದೆ ಎಂದು ನಾನು ಕೂಗಿದೆ. ಕುರಿಗಳು ತಲೆ ಎತ್ತಿ ನೋಡಿದವು. ಆಮೇಲೆ ರೇಡಿಯೋದಲ್ಲಿ ಸುಯ್ ಎನ್ನುವ ಸದ್ದು. ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಅದೇ ಕಡೆಯ ಸಾಲು.

ಕಂಬಳಿಯನ್ನು ಅವರೇ ಮೊಳೆ ಕಿತ್ತು, ಮಡಚಿ, ಕೆಂಪು ದಾರ ಕಟ್ಟಿ ಕಳಿಸಿದರು. ತಾವು ತವರೂರು ಇಂಗಳೇಶ್ವರಕ್ಕೆ ಹೋದರು. ಬಸವನ ಬಾಗೇವಾಡಿಯ ಆಚೆ, ತಮ್ಮನ ಮನೆಗೆ. ಹೋಗಿ ನೋಡಬೇಕು ಎಂದುಕೊಂಡೆ. ವರ್ಷ ವರ್ಷ ಎಂದುಕೊಂಡೆ... ಮೂರು ವರ್ಷದ ಹಿಂದೆ ಸಂತೆಯಲ್ಲಿ ಆ ಕಡೆಯವನೊಬ್ಬ, ಅವರು ತೀರಿಕೊಂಡು ಒಂದು ತಿಂಗಳಾಯಿತು ಎಂದ. ಸುತ್ತಿನ ಊರುಗಳ ಸಾವೆಲ್ಲ ಹೊತ್ತು ಮುಳುಗುವುದರೊಳಗೆ ನಮಗೆ ಮುಟ್ಟಿಸಿದವರು. ಅವರದು ಮುಟ್ಟಲು ತಿಂಗಳು ಹಿಡಿಯಿತು. ಹೇಳುವವರು ಯಾರಿದ್ದರು?

ಇದೆಲ್ಲ ಕಂಬಳಿ ಹಿಡಿದು ಕೂತಾಗ ಬಂದದ್ದು. ಒಬ್ಬಳೇ ಮಗಳು ನಮಗೆ, ಈ ಮನೆಯಲ್ಲಿ ಕೂಸಿನ ಅಳು ಕೇಳಿ ಇಪ್ಪತ್ತಮೂರು ವರ್ಷವಾಗಿತ್ತು. ಮೊಮ್ಮಗಳು ಹುಟ್ಟಿದ ದಿನ ಕುರಿ ಎಣಿಸಲು ಹೋಗಿ ಮೂರು ಸಲ ತಪ್ಪಿದೆ, ನಾಲ್ಕನೆಯ ಸಲ ಬಿಟ್ಟೆ, ಎಷ್ಟಿದ್ದರೆ ಅಷ್ಟಿರಲಿ ಎಂದು. ಬೀಗರು ಲಚ್ಯಾಣದವರು, ಸಾಲಿಗೆ ಹಾಕುವ ಹೆಸರನ್ನು ಅವರೇ ಆರಿಸಿದ್ದರು. ತೊಟ್ಟಿಲ ಹೆಸರು ನಮ್ಮ ಪಾಲಿಗೆ ಬಿಟ್ಟಿದ್ದರು. ಕಂಬಳಿ ಮಡಚುವ ಹೊತ್ತಿಗೆ ನನಗೆ ಅದು ನಿಕ್ಕಿಯಾಗಿತ್ತು, ಅಕ್ಕೋರ ಹೆಸರು ಇಡಬೇಕು.

ಆದರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ. ಜೀಪಿನವರಿಗೆ ಹೇಳಿದ ಒಂದೇ ನಿಜ ಇನ್ನೂ ನಿಜವಾಗಿಯೇ ಇತ್ತು.

ಮರುದಿನ ಬೆಳಗಿನ ಬಸ್ಸಿಗೆ ಬಾಗೇವಾಡಿಗೆ, ಅಲ್ಲಿಂದ ಇಂಗಳೇಶ್ವರಕ್ಕೆ ಹೋದೆ. ಅವರ ತಮ್ಮನ ಹೆಂಡತಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಂದ ಕೆಲಸ ಹೇಳಿದೆ. “ಬರೇ ಹೆಸರ ಕೇಳಾಕ ಇಷ್ಟ ದೂರ ಬಂದೀರೇನ್ರಿ ಯಣ್ಣಾ?” ಎಂದು ಮೊರ ಕೆಳಗಿಟ್ಟರು. ನೀರು ಕೊಟ್ಟರು, ಚಹಾ ಕೊಟ್ಟರು, ಹೆಸರು ಹೇಳಿದರು. ಮರೆತೇನು ಎಂದು ಬಸ್ಸಿನಲ್ಲಿ ಊರು ಬರುವ ತನಕ ಬಾಯಲ್ಲೇ ಅನ್ನುತ್ತ ಬಂದೆ. ಪಕ್ಕದಲ್ಲಿ ಕೂತವರು ಯಾವ ದೇವರ ಜಪ ಎಂದು ಕೇಳಿದರು.

ನಿನ್ನೆ ತೊಟ್ಟಿಲ ಕಾರ್ಯ. ಕೂಸಿನ ಸೋದರತ್ತೆ ಬಾಗಿ ಅದರ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರು ಹೇಳಿದಳು. ಇಲ್ಲಿ ನಾನು ಬರೆಯುವುದಿಲ್ಲ. ಅವರು ಒಂದು ದಿನವೂ ಹೇಳಿಕೊಳ್ಳದ್ದನ್ನು ನಾನು ಕಾಗದಕ್ಕೆ ಹಾಕಲಾರೆ. ಹೆಸರು ಕಿವಿಗೆ ಬಿದ್ದದ್ದೇ ತಡ, ಕೂಸು ಕೈಕಾಲು ಬಿಗಿಹಿಡಿದು ಅಳಲು ಸುರುಮಾಡಿತು. ಎಂಥ ದನಿ ಅಂತೀರಿ! ಹೆಂಗಸರೆಲ್ಲ ತೂಗಲು ಮುಗಿಬಿದ್ದರು. ನಾನು ಎದ್ದು ಹೊರಗೆ ನಡೆದೆ.

“ಕೂಸು ಅಳಾಕತ್ತೈತಿ, ಮುತ್ಯಾ ಹೊಲಕ್ಕ ಹೊಂಟ ನೋಡ್ರಿ,” ಎಂದು ಹೆಂಡತಿ ಬೀಗಿತಿಗೆ ಹೇಳಿದ್ದು ಬೆನ್ನಿಗೆ ಕೇಳಿಸಿತು.

ಅಂಗಳ ದಾಟಿದೆ, ಕೇಳುತ್ತಿತ್ತು. ದನ ನೀರು ಕುಡಿಯುವ ದೋಣಿಯ ಹತ್ತಿರವೂ ಕೇಳುತ್ತಿತ್ತು. ಓಣಿ ಮುಗಿದು ಹೊಲ ಸುರುವಾಗುವಲ್ಲಿ ಬಾರಿಹಣ್ಣಿನ ಗಿಡವೊಂದಿದೆ, ಅಲ್ಲಿಗೂ ಬಂತು, ಎಳೆ ಎಳೆಯಾಗಿ. ಒಂದು ಹೆಜ್ಜೆ ಮುಂದಿಟ್ಟೆ, ಇಲ್ಲ. ಹಿಂದಿಟ್ಟೆ, ಇದೆ. ಬಿಸಿಲಲ್ಲಿ ಹಾಗೇ ಮುಂದೆ ಹಿಂದೆ ಆಡುತ್ತ ಎಷ್ಟು ಹೊತ್ತು ನಿಂತೆನೋ. ಒಬ್ಬನೇ ನಗುತ್ತಿದ್ದೆ, ಕಣ್ಣಲ್ಲಿ ನೀರು ಬರುತ್ತಿತ್ತು.

ಮನೆಗೆ ಬಂದು ಹಳೆಯ ನೋಟುಬುಕ್ಕು ತೆಗೆದೆ. ಸೇತುವೆಯ ಸಾಲಿನ ಕೆಳಗೆ ಬರೆದೆ, ಬಾರಿ ಗಿಡದ ತನಕ. ಬರೆದ ಮೇಲೆ ರೂಢಿಯಂತೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೇಬಿಟ್ಟೆ, ಅಕ್ಕೋರಿಗೆ ಒಪ್ಪಿಸಿ ಬರಲು. ಬಾಗಿಲ ತನಕ ಹೋಗಿ ನಿಂತೆ. ಬೀಜದ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ತಿರುಗಿ ಬಂದು, ನೋಟುಬುಕ್ಕನ್ನು ತೊಟ್ಟಿಲಲ್ಲಿ ಕಂಬಳಿಯ ಕೆಳಗೆ ಇಟ್ಟೆ. ಕೂಸು ಅಳು ನಿಲ್ಲಿಸಿ ನಿದ್ದೆ ಹೋಗಿತ್ತು.